ನಿಯತಪಟ್ಟಿಯ ಕಾಲಮುಗಳು: ಗಣಕದ ದಾಖಲೆಯಲ್ಲಿ ಅವನ್ನು ಬದಲಿಸುವ ಬಗೆ

ಜೂನ್ ತಿಂಗಳಲ್ಲಿ ಮಗುವನ್ನು ಶಾಲೆಗೆ ಹಚ್ಚಲು ಬಂದ ಪಾಲಕರ ಎದುರಿಗೆ ಕಚೇರಿಯಲ್ಲಿ ಮೊಟ್ಟಮೊದಲು ತೆರೆದುಕೊಳ್ಳುವುದು ಜನರಲ್ ರಜಿಸ್ಟರು. ಮಗುವಿನ ಹೆಸರು, ತಾಯಿಯ ಹೆಸರು, ಮಾತೃಭಾಷೆ, ಜಾತಿ, ಹುಟ್ಟಿದ ಊರು, ತಾಲೂಕು, ಜಿಲ್ಲೆ, ರಾಜ್ಯ, ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಹುಟ್ಟಿದ ದಿನಾಂಕ, ಹೀಗೆ ಒಂದರ ಪಕ್ಕದಲ್ಲೊಂದು ಕಾಲಮುಗಳು. ಈ ಕಾಲಮುಗಳಲ್ಲಿ ಎರಡು ಜಾತಿಗಳಿರುವುದನ್ನು ಗಮನಿಸಿದವರು ಕಡಿಮೆ. ಹೆಸರಿನ ಕಾಲಮಿನಲ್ಲಿ ಪಾಲಕರು ಹೇಳಿದುದನ್ನು ಹೇಳಿದಂತೆಯೇ ಬರೆಯತಕ್ಕದ್ದು, ಅದಕ್ಕೆ ಎಲ್ಲೆಯಿಲ್ಲ. ಮಾತೃಭಾಷೆಯ ಅಥವಾ ಜಿಲ್ಲೆಯ ಕಾಲಮಿನಲ್ಲಾದರೋ ಮೊದಲೇ ಗೊತ್ತಾಗಿರುವ ಕೆಲವು ಹೆಸರುಗಳಲ್ಲಿ ಒಂದನ್ನು ಆಯ್ದು ಬರೆಯುವುದು ರೂಢಿ. ಮೊದಲನೆಯದನ್ನು ತೆರೆದ ಕಾಲಮೆಂದೂ ಎರಡನೆಯದನ್ನು ನಿಯತಪಟ್ಟಿಯ ಕಾಲಮೆಂದೂ ಕರೆಯೋಣ. ಗಣಕಶಾಸ್ತ್ರಜ್ಞರು ಈ ನಿಯತಪಟ್ಟಿಗೆ ಎನಮ್ ಎಂದು ಹೆಸರಿಟ್ಟಿದ್ದಾರೆ. ಪಟ್ಟಿಯನ್ನು ಮಾಡುವುದು ಸುಲಭ. ಅದರಂತೆ ಸಾವಿರಾರು ಮಕ್ಕಳ ದಾಖಲೆ ತುಂಬಿದ ಮೇಲೆ ಅದನ್ನು ಬದಲಿಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ. ನಾವು ಇದನ್ನು ಪುಸ್ತಕದಿಂದ ಕಲಿತುದಕ್ಕಿಂತ ತಪ್ಪಿನಿಂದ ಕಲಿತುದೇ ಹೆಚ್ಚು. ಆ ತಪ್ಪಿನ ಸಂಗತಿಯನ್ನು ಮುಂದೆ ಹೇಳುವೆವು.

ನಿಯತಪಟ್ಟಿ ಏಕೆ ಬೇಕು? ಹಳೆಯ ರಜಿಸ್ಟರುಗಳನ್ನು ತಿರುವಿದರೆ ಉತ್ತರ ತಾನಾಗಿಯೇ ದೊರೆಯುವುದು. ಒಂದೇ ಭಾಷೆಯನ್ನು ಒಬ್ಬ ಕಾರಕೂನರು ‘ಕನ್ನಡ’ ಎಂದು ಬರೆದಿದ್ದರೆ, ಮರಾಠಿಯ ರೂಢಿಯವರು ‘ಕಾನಡಿ’ ಎಂದೂ ಇಂಗ್ಲಿಷಿನ ರೂಢಿಯವರು ‘ಕ್ಯಾನರೀಸ್’ ಎಂದೂ ಬರೆದಿರುತ್ತಾರೆ. ಓದುವ ಮನುಷ್ಯನಿಗೆ ಇವು ಮೂರೂ ಒಂದೇ. ಗಣಕಕ್ಕೆ ಇವು ಮೂರು ಭಾಷೆಗಳು. ‘ಕನ್ನಡ ಮಾತೃಭಾಷೆಯ ಮಕ್ಕಳೆಷ್ಟು?’ ಎಂದು ಕೇಳಿದರೆ ಮೂರು ಬೇರೆ ಬೇರೆ ಮೊತ್ತಗಳನ್ನು ಅದು ಮುಂದಿಡುತ್ತದೆ. ನಿಯತಪಟ್ಟಿಯಿದ್ದರೆ ಅದರೊಳಗಿನ ಹೆಸರನ್ನಲ್ಲದೆ ಬೇರೊಂದನ್ನು ಕಾಲಮು ಸ್ವೀಕರಿಸುವುದೇ ಇಲ್ಲ. ಗಡಿಭಾಗದ ಕನ್ನಡ ಶಾಲೆಗಳಿಗೆ ಮಕ್ಕಳ ಎಣಿಕೆಯೆಂಬುದು ಎಷ್ಟು ಮುಖ್ಯವೆಂಬುದನ್ನು ಈ ಸಂಚಿಕೆಯ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಪಟ್ಟಿಯನ್ನು ಗಣಕವು ತನ್ನೊಳಗೆ ಇಟ್ಟುಕೊಳ್ಳುವ ಬಗೆಯನ್ನು ತಿಳಿಯುವುದು ಅವಶ್ಯ. ಹೆಚ್ಚಾಗಿ ಬಳಕೆಯಲ್ಲಿರುವ ಡೇಟಾಬೇಸುಗಳಲ್ಲಿ ಒಂದಾದ ಮೈಎಸ್‌ಕ್ಯುಎಲ್ ಪ್ರತಿಯೊಂದು ಸಾಲಿನಲ್ಲಿ ಹೆಸರನ್ನು ಬರೆಯದೆ, ಪಟ್ಟಿಯಲ್ಲಿ ಆ ಹೆಸರು ಎಷ್ಟನೆಯದೋ ಆ ಸಂಖ್ಯೆಯನ್ನು ಮಾತ್ರ ಬರೆದಿಡುತ್ತದೆ. ಪಟ್ಟಿಯಲ್ಲಿ 255 ಹೆಸರುಗಳವರೆಗೆ ಇದ್ದರೆ ಪ್ರತಿ ಸಾಲಿಗೆ ಒಂದೇ ಬೈಟು ಸಾಕು. ಅದಕ್ಕೆ ಮೀರಿದರೆ ಎರಡು ಬೈಟು. ಒಟ್ಟು 65,535 ಹೆಸರುಗಳ ಆಚೆಗೆ ಅವಕಾಶವಿಲ್ಲ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸು ಪಟ್ಟಿಗೇ ಒಂದು ಹೆಸರು ಕೊಟ್ಟು ಸ್ವತಂತ್ರವಾದ ಒಂದು ಬಗೆಯೆಂದು ಎಣಿಸುತ್ತದೆ. ಪ್ರತಿ ಸಾಲಿಗೆ ನಾಲ್ಕು ಬೈಟು ತೆಗೆದುಕೊಳ್ಳುತ್ತದೆ. ಎರಡರಲ್ಲಿಯೂ ವಿಂಗಡಣೆ ನಡೆಯುವುದು ವರ್ಣಮಾಲೆಯಂತಲ್ಲ, ಪಟ್ಟಿಯ ಕ್ರಮದಂತೆ.

ಕನ್ನಡದಲ್ಲಿಯೇ ಪಟ್ಟಿ ಬರೆಯುವವರು ತಿಳಿದಿರಬೇಕಾದ ಒಂದು ಮಾತಿದೆ. ಪೋಸ್ಟ್‌ಗ್ರೆಸ್ಸಿನಲ್ಲಿ ಪಟ್ಟಿಯ ಒಂದು ಹೆಸರು ಸಾಮಾನ್ಯವಾಗಿ 63 ಬೈಟುಗಳನ್ನು ಮೀರುವಂತಿಲ್ಲ. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟು. ಕನ್ನಡದಲ್ಲಿ ಪ್ರತಿಯೊಂದು ಮೂಲ ಚಿಹ್ನೆಗೆ, ಅಂದರೆ ವ್ಯಂಜನಕ್ಕೆ, ಸ್ವರಚಿಹ್ನೆಗೆ, ಒತ್ತಕ್ಷರವನ್ನು ಕೂಡಿಸುವ ವಿರಾಮಕ್ಕೆ ಕೂಡ ಮೂರು ಮೂರು ಬೈಟುಗಳು. ಹೀಗಾಗಿ ‘ಕನ್ನಡ’ ಎಂಬ ಮೂರಕ್ಷರದ ಪದಕ್ಕೆ 15 ಬೈಟು. ‘ಬೆಂಗಳೂರು ಗ್ರಾಮಾಂತರ’ ಎಂಬುದು 52 ಬೈಟಿನಲ್ಲಿ ಹಿಡಿಯುತ್ತದೆ. ಅದರ ಮುಂದೆ ‘ಜಿಲ್ಲೆ’ ಎಂದು ಸೇರಿಸಿದೆವೋ, 71 ಬೈಟಾಗಿ ಡೇಟಾಬೇಸು ಅದನ್ನು ನಿರಾಕರಿಸುತ್ತದೆ. ಇಂಗ್ಲಿಷಿನಲ್ಲಿ ಪರೀಕ್ಷಿಸಿ ನೋಡಿದವರಿಗೆ ಈ ತೊಡಕು ಕಾಣುವುದೇ ಇಲ್ಲ.

ಈಗ ಬದಲಾವಣೆಯ ಮಾತು. ಪಟ್ಟಿಯನ್ನು ಒಮ್ಮೆ ಸರಿಯಾಗಿ ಮಾಡಿದರೆ ಮುಗಿಯಿತಲ್ಲವೇ ಎಂದು ಯಾರಾದರೂ ಕೇಳಬಹುದು. ಅಂಥವರು ನಮ್ಮ ಸೀಮೆಯ ಚರಿತ್ರೆಯನ್ನೇ ನೋಡಬೇಕು. ಗಡಹಿಂಗ್ಲಜದಲ್ಲಿ 1945ರಲ್ಲಿ ಹುಟ್ಟಿದವರು ಹುಟ್ಟಿದ್ದು ಕೊಲ್ಲಾಪುರ ಸಂಸ್ಥಾನದಲ್ಲಿ. 1949ರ ಮಾರ್ಚ್ 1ರಂದು ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯವಾಯಿತು. ಆ ಮನುಷ್ಯ ತನ್ನ ಮನೆಯ ಹೊಸ್ತಿಲು ದಾಟದೆಯೇ ಮೂರು ಆಡಳಿತಗಳನ್ನು ಕಂಡನು. ಪಕ್ಕದ ಚಂದಗಡ ತಾಲೂಕಿನದು ಇನ್ನೂ ವಿಚಿತ್ರ. 1956ರ ನವೆಂಬರ್ 1ರವರೆಗೆ ಅದು ಬೆಳಗಾವಿ ಜಿಲ್ಲೆಯದು. ಜಿಲ್ಲೆಯ ಉಳಿದ ಭಾಗವು ಮೈಸೂರು ರಾಜ್ಯಕ್ಕೆ ಹೋದಾಗ ಚಂದಗಡವು ಮುಂಬಯಿ ರಾಜ್ಯದಲ್ಲಿಯೇ ಉಳಿದು ಕೊಲ್ಲಾಪುರ ಜಿಲ್ಲೆಗೆ ಸೇರಿತು. ಮೈಸೂರು ರಾಜ್ಯವು 1973ರ ನವೆಂಬರ್ 1ರಂದು ಕರ್ನಾಟಕವಾಯಿತು. 2014ರ ಅದೇ ದಿನ ಇಂಗ್ಲಿಷಿನ ಬೆಲ್ಗಾಮ್ ಬೆಳಗಾವಿಯಾಯಿತು, ಬಿಜಾಪುರವು ವಿಜಯಪುರವಾಯಿತು.

ಭಾಷೆಗಳ ಪಟ್ಟಿಯಾದರೂ ಸ್ಥಿರವೇ? ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ 1950ರಲ್ಲಿ 14 ಭಾಷೆಗಳಿದ್ದವು. 1967ರಲ್ಲಿ ಸಿಂಧಿಯೂ, 1992ರಲ್ಲಿ ಕೊಂಕಣಿ, ಮಣಿಪುರಿ, ನೇಪಾಳಿಗಳೂ, 2003ರ ತಿದ್ದುಪಡಿಯಿಂದ ಬೋಡೊ, ಡೋಗ್ರಿ, ಮೈಥಿಲಿ, ಸಂತಾಲಿಗಳೂ ಸೇರಿ 22 ಆದವು. 2011ರಲ್ಲಿ ‘ಒರಿಯಾ’ ಎಂಬ ಹೆಸರನ್ನು ‘ಒಡಿಯಾ’ ಎಂದು ತಿದ್ದಲಾಯಿತು. ಮಕ್ಕಳ ಮಾತೃಭಾಷೆಯಾದರೋ ಅನುಸೂಚಿಯನ್ನು ಕೇಳಿಕೊಂಡು ಬರುವುದಿಲ್ಲ. ತುಳು, ಕೊಡವ ಭಾಷೆಗಳು ಅದರಲ್ಲಿ ಇಂದಿಗೂ ಇಲ್ಲ. 2011ರ ಜನಗಣತಿಯು ಜನರು ಹೇಳಿದ ಹೆಸರುಗಳನ್ನು ಸೋಸಿ 1,369 ಮಾತೃಭಾಷೆಗಳನ್ನು ಗುರುತಿಸಿತು. ಗಂಡು-ಹೆಣ್ಣು ಎಂಬ ಎರಡೇ ಹೆಸರಿನ ಪಟ್ಟಿ ಎಂದಿಗೂ ಬದಲಾಗದೆಂದು ಎಲ್ಲರೂ ನಂಬಿದ್ದರು. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ತೃತೀಯ ಲಿಂಗಕ್ಕೆ ಮನ್ನಣೆಯಿತ್ತ ಮೇಲೆ ಅದೂ ಬದಲಾಯಿತು.

ಪಟ್ಟಿ ಬದಲಾದಾಗ ಡೇಟಾಬೇಸಿನ ಚೌಕಟ್ಟನ್ನು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಒಯ್ಯುವ ಕೆಲಸಕ್ಕೆ ಮೈಗ್ರೇಶನ್ ಎನ್ನುತ್ತಾರೆ, ನಾವು ಸ್ಥಿತ್ಯಂತರವೆನ್ನೋಣ. ಇದರಲ್ಲಿ ಹೆಸರು ಸೇರಿಸುವುದು, ಹೆಸರು ತಿದ್ದುವುದು, ಹೆಸರು ತೆಗೆಯುವುದು ಎಂಬ ಮೂರು ಕೆಲಸಗಳು ಬರುತ್ತವೆ. ಮೊದಲನೆಯದು ಎಲ್ಲಕ್ಕೂ ಸುಲಭವೆಂದು ಹೇಳುತ್ತಾರೆ. ನಾವು ಮುಗ್ಗರಿಸಿದ್ದು ಅಲ್ಲಿಯೇ.

ನಡೆದುದು ಹೀಗೆ. ರಜಿಸ್ಟರನ್ನು ಗಣಕಕ್ಕೆ ಏರಿಸಿದಾಗ ಮಾತೃಭಾಷೆಗಳನ್ನು ವರ್ಣಮಾಲೆಯ ಕ್ರಮದಲ್ಲಿ ಬರೆಯಿಸಿದ್ದೆವು: 1 ಉರ್ದು, 2 ಕನ್ನಡ, 3 ಮರಾಠಿ, 4 ಹಿಂದಿ, ಕೊನೆಗೆ 5 ಇತರ. ಪಟ್ಟಿಯು ಡೇಟಾಬೇಸಿನಲ್ಲಿರದೆ ಅದನ್ನು ನಡೆಸುವ ಪ್ರೋಗ್ರಾಮಿನೊಳಗೆ ಇತ್ತು. ಡೇಟಾಬೇಸಿನಲ್ಲಿ ಇದ್ದುದು ಬರಿಯ ಸಂಖ್ಯೆ. ಒಂದು ವರ್ಷ ಒಬ್ಬ ಗುಜರಾತಿ ಹುಡುಗಿಯು ಶಾಲೆಗೆ ಬಂದಳು. ಆ ಮಗುವನ್ನು ‘ಇತರ’ದಲ್ಲಿ ತಳ್ಳುವುದು ಬೇಡವೆಂದು ನಾವೇ ಹೇಳಿದೆವು. ಉದ್ದೇಶವೇನೋ ಒಳ್ಳೆಯದೇ. ಪ್ರೋಗ್ರಾಮು ನೋಡಿಕೊಳ್ಳುತ್ತಿದ್ದ ನಮ್ಮವರೊಬ್ಬರು ವರ್ಣಮಾಲೆ ಕೆಡಬಾರದೆಂದು ‘ಗುಜರಾತಿ’ಯನ್ನು ಕನ್ನಡ-ಮರಾಠಿಗಳ ನಡುವೆ ಬರೆದರು. ಅಂದಿನಿಂದ 3 ಎಂದರೆ ಗುಜರಾತಿ, 4 ಎಂದರೆ ಮರಾಠಿ, 5 ಎಂದರೆ ಹಿಂದಿ, 6 ಎಂದರೆ ಇತರ. ಆದರೆ ಹಿಂದಿನ ಸಾಲುಗಳಲ್ಲಿ ಬರೆದಿಟ್ಟ ಸಂಖ್ಯೆಗಳು ಇದ್ದಲ್ಲಿಯೇ ಇದ್ದವು. ಒಂದೇ ರಾತ್ರಿಯಲ್ಲಿ ಮರಾಠಿ ಮಕ್ಕಳೆಲ್ಲ ಗುಜರಾತಿಗಳಾದರು, ಹಿಂದಿಯವರು ಮರಾಠಿಗರಾದರು, ತೆಲುಗು ತಮಿಳಿನವರು ಹಿಂದಿಯವರಾದರು.

ಕನ್ನಡವು ಎರಡನೆಯ ಸ್ಥಾನದಲ್ಲಿಯೇ ಉಳಿದಿತ್ತು. ಆದುದರಿಂದ ಕನ್ನಡ ಶಾಲೆಯವರಾದ ನಮ್ಮಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ. ನಮ್ಮ ಎಣಿಕೆ ಸರಿಯಾಗಿಯೇ ಬರುತ್ತಿತ್ತು. ವರ್ಷದ ತಖ್ತೆಯಲ್ಲಿ ಗುಜರಾತಿ ಮಕ್ಕಳು ಅಷ್ಟೊಂದು ಕಂಡಾಗ ಇದೇನೆಂದು ಕೇಳಬೇಕಿತ್ತು, ಕೇಳಲಿಲ್ಲ. ಎರಡು ವರ್ಷ ಕಳೆದ ಮೇಲೆ, ಇಚಲಕರಂಜಿಯಲ್ಲಿ ಮಗ್ಗದ ಕೆಲಸ ಮಾಡುವ ಮರಾಠಿ ಮನೆಯವರೊಬ್ಬರು ತಮ್ಮ ಮಗನ ಶಾಲೆ ಬಿಟ್ಟ ದಾಖಲೆಯನ್ನು ಕೈಯಲ್ಲಿ ಹಿಡಿದು ಬಂದು, “ಗುರೂಜಿ, ನಾವು ಗುಜರಾತಿಗಳು ಯಾವಾಗ ಆದೆವು?” ಎಂದು ಕೇಳಿದಾಗಲೇ ನಮ್ಮ ಕಣ್ಣು ತೆರೆದುದು.

ಹಾಗಾದರೆ ಸಂಖ್ಯೆಗಳನ್ನು ಒಂದೊಂದು ಮನೆ ಹಿಂದೆ ಸರಿಸಿಬಿಟ್ಟರಾಯಿತಲ್ಲ ಎಂದು ಅನಿಸಬಹುದು. ನಮಗೂ ಹಾಗೆಯೇ ಅನಿಸಿತ್ತು. ಆದರೆ ನಡುವಿನ ಎರಡು ವರ್ಷಗಳಲ್ಲಿ ಹೊಸ ಪಟ್ಟಿಯಂತೆ ಹೊಸ ಮಕ್ಕಳ ದಾಖಲೆಗಳೂ ಸೇರಿದ್ದವು. ಈಗ ಒಂದು ಸಾಲಿನಲ್ಲಿ 4 ಎಂದಿದ್ದರೆ ಅದು ಹಳೆಯ ಹಿಂದಿಯೋ ಹೊಸ ಮರಾಠಿಯೋ? 3 ಎಂದಿದ್ದರೆ ಹಳೆಯ ಮರಾಠಿಯೋ ಹೊಸ ಗುಜರಾತಿಯೋ? 1, 2 ಮತ್ತು 6 ಇವುಗಳಿಗೆ ಮಾತ್ರ ಸಂದೇಹವಿರಲಿಲ್ಲ. ಮಗು ಶಾಲೆಗೆ ಸೇರಿದ ದಿನಾಂಕವಿತ್ತು, ಆದರೆ ಸಾಲನ್ನು ಗಣಕದಲ್ಲಿ ಬರೆದ ದಿನಾಂಕವಿರಲಿಲ್ಲ. ಹಳೆಯ ರಜಿಸ್ಟರುಗಳ ಕೆಲವು ಪುಟಗಳನ್ನು ನಾವು ಆ ಎರಡು ವರ್ಷಗಳಲ್ಲಿಯೇ ಏರಿಸಿದ್ದೆವು. ಕೊನೆಗೆ ಕಾಗದದ ರಜಿಸ್ಟರನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲನ್ನು ತಾಳೆ ನೋಡದೆ ಬೇರೆ ದಾರಿಯುಳಿಯಲಿಲ್ಲ.

ಇದು ಡೇಟಾಬೇಸಿನ ದೋಷವಲ್ಲವೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಪಟ್ಟಿಯು ಡೇಟಾಬೇಸಿನಲ್ಲಿಯೇ ಇದ್ದು ಅದರ ಆಜ್ಞೆಯಿಂದಲೇ ಬದಲಿಸಿದ್ದರೆ, ನಡುವೆ ಹೆಸರು ಸೇರಿಸಿದರೂ ಅದು ಹಳೆಯ ಸಾಲುಗಳನ್ನು ಹೆಸರಿನಿಂದ ಹೆಸರಿಗೆ ಹೊಂದಿಸಿಕೊಳ್ಳುತ್ತಿತ್ತು. ಮೈಎಸ್‌ಕ್ಯುಎಲ್ಲಿನಲ್ಲಿ ಕೊನೆಗೆ ಸೇರಿಸಿದರೆ ಕೆಲಸ ಕ್ಷಣದಲ್ಲಿ ಮುಗಿಯುವುದು. ನಡುವೆ ಸೇರಿಸಿದರೆ ಇಡೀ ಕೋಷ್ಟಕವನ್ನು ಅದು ಹೊಸದಾಗಿ ಬರೆಯಬೇಕಾಗುವುದು. ಪೋಸ್ಟ್‌ಗ್ರೆಸ್ಸಿನಲ್ಲಿ 2011ರ 9.1ನೆಯ ಆವೃತ್ತಿಯಿಂದ ‘ಆಲ್ಟರ್ ಟೈಪ್, ಆಡ್ ವ್ಯಾಲ್ಯೂ’ ಎಂಬ ಆಜ್ಞೆಯಿದೆ. ಇಂಥ ಹೆಸರಿನ ಹಿಂದೆ, ಇಂಥದರ ಮುಂದೆ ಎಂದು ಸ್ಥಾನವನ್ನೂ ಸೂಚಿಸಬಹುದು. ಒಂದು ಎಚ್ಚರಿಕೆಯ ಮಾತು: ಹಲವು ಆಜ್ಞೆಗಳನ್ನು ಒಂದೇ ಕಟ್ಟಾಗಿ ಕಟ್ಟಿ, ಆದರೆ ಎಲ್ಲವೂ ಆಗಲಿ, ಇಲ್ಲದಿದ್ದರೆ ಯಾವುದೂ ಬೇಡ ಎಂದು ನಡೆಸುವ ಪದ್ಧತಿಯುಂಟು. 2019ರ 12ನೆಯ ಆವೃತ್ತಿಯವರೆಗೆ ಈ ಆಜ್ಞೆಯನ್ನು ಅಂಥ ಕಟ್ಟಿನೊಳಗೆ ನಡೆಸುವಂತಿರಲಿಲ್ಲ. ಆಮೇಲೆ ನಡೆಸಬಹುದಾದರೂ, ಹೊಸದಾಗಿ ಸೇರಿಸಿದ ಹೆಸರನ್ನು ಆ ಕಟ್ಟು ಪೂರ್ಣವಾಗಿ ಮುಗಿಯುವ ತನಕ ಯಾವ ಸಾಲಿನಲ್ಲಿಯೂ ಬಳಸುವಂತಿಲ್ಲ. ಆದುದರಿಂದ ಹೆಸರು ಸೇರಿಸುವುದು ಒಂದು ಹೆಜ್ಜೆ, ಅದನ್ನು ಬಳಸುವುದು ಮುಂದಿನ ಹೆಜ್ಜೆ ಎಂದು ಬೇರೆ ಬೇರೆ ಇಟ್ಟುಕೊಳ್ಳತಕ್ಕದ್ದು.

ಹೆಸರು ತೆಗೆಯುವುದು ಕಠಿಣ ಕೆಲಸ. ಪೋಸ್ಟ್‌ಗ್ರೆಸ್ಸಿನಲ್ಲಿ ಇದಕ್ಕೆ ಆಜ್ಞೆಯೇ ಇಲ್ಲ. ಹೊಸ ಪಟ್ಟಿಯೊಂದನ್ನು ನಿರ್ಮಿಸಿ, ಕಾಲಮಿಗೆ ಮೊದಲೇ ಗೊತ್ತುಮಾಡಿದ ಮೌಲ್ಯವೇನಾದರೂ ಇದ್ದರೆ ಅದನ್ನು ಕಳಚಿ, ಕಾಲಮನ್ನು ಅಕ್ಷರರೂಪದ ಮೂಲಕ ಹೊಸ ಪಟ್ಟಿಗೆ ಪರಿವರ್ತಿಸಿ, ಹಳೆಯದನ್ನು ಅಳಿಸಿ, ಹೊಸದಕ್ಕೆ ಹಳೆಯ ಹೆಸರನ್ನಿಡಬೇಕು. ಇದು ನಡೆಯುವಾಗ ಕೋಷ್ಟಕಕ್ಕೆ ಬೀಗ ಬೀಳುತ್ತದೆ. ಓದುವವರೂ ಹೊರಗೆ ಕಾಯಬೇಕು. ಒಂದು ಶಾಲೆಯ ಕೆಲವು ಸಾವಿರ ಸಾಲುಗಳಿಗೆ ಇದು ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು. ಕೋಟಿ ಸಾಲುಗಳಿರುವ ಕಡೆ ಕೆಲಸವೇ ನಿಂತುಹೋದೀತು. ಮೈಎಸ್‌ಕ್ಯುಎಲ್ಲಿನ ಅಪಾಯ ಬೇರೆ ತೆರನದು: ಬಿಗಿ ನಿಯಮವನ್ನು ಸಡಿಲಿಸಿದ್ದರೆ, ಪಟ್ಟಿಯಿಂದ ತೆಗೆದ ಹೆಸರು ಇದ್ದ ಸಾಲುಗಳೆಲ್ಲ ಸದ್ದಿಲ್ಲದೆ ಬರಿದಾಗಿ 0 ಎಂಬ ಸಂಖ್ಯೆ ಹೊತ್ತು ನಿಲ್ಲುವವು. 2015ರ 5.7ನೆಯ ಆವೃತ್ತಿಯಿಂದ ಬಿಗಿ ನಿಯಮವೇ ಮೂಲವ್ಯವಸ್ಥೆಯಾಗಿದ್ದು, ಅಂಥ ಸಾಲು ಒಂದಿದ್ದರೂ ಡೇಟಾಬೇಸು ಕೆಲಸವನ್ನು ತಡೆಯುತ್ತದೆ. ಆ ತಡೆ ಕಿರುಕುಳವೆಂದು ನಿಯಮವನ್ನು ಸಡಿಲಿಸುವವರನ್ನು ನಾವು ಕಂಡಿದ್ದೇವೆ, ಹಾಗೆ ಮಾಡಕೂಡದು.

ದೊಡ್ಡ ಕೋಷ್ಟಕಗಳಲ್ಲಿ ಅನುಭವಿಗಳು ಅನುಸರಿಸುವ ದಾರಿಯೆಂದರೆ ಹಳೆಯ ಕಾಲಮನ್ನು ಮುಟ್ಟದೆ ಪಕ್ಕದಲ್ಲಿ ಹೊಸ ಕಾಲಮು ಹಾಕುವುದು. ಕೆಲವು ಕಾಲ ಎರಡರಲ್ಲಿಯೂ ಬರೆಯುವುದು. ಹಳೆಯ ಸಾಲುಗಳನ್ನು ಸ್ವಲ್ಪ ಸ್ವಲ್ಪವಾಗಿ ಹೊಸದಕ್ಕೆ ತುಂಬುವುದು. ತಾಳೆ ಬಿದ್ದ ಮೇಲೆ ಹೊಸದನ್ನು ಓದತೊಡಗುವುದು. ಎಲ್ಲಕ್ಕೂ ಕೊನೆಗೆ ಹಳೆಯದನ್ನು ತೆಗೆಯುವುದು. ಇಚಲಕರಂಜಿಯ ವಾಚಕರಿಗೆ ಇದು ಹೊಸದಲ್ಲ. ಮಗ್ಗದಲ್ಲಿ ಹಾಸು ಮುಗಿಯುತ್ತ ಬಂದಾಗ ಹಳೆಯ ಎಳೆಗಳನ್ನು ಕಿತ್ತೊಗೆಯದೆ, ಹೊಸ ಬೀಮಿನ ಎಳೆಗಳನ್ನು ಒಂದೊಂದಾಗಿ ಅವಕ್ಕೆ ಗಂಟು ಹಾಕಿ ಮುಂದಕ್ಕೆ ಎಳೆದುಕೊಳ್ಳುತ್ತಾರೆ. ಹಿರಿಯರಿಗೆ ಇನ್ನೊಂದು ಉದಾಹರಣೆ ನೆನಪಿರಬಹುದು. 1957ರ ಏಪ್ರಿಲ್ 1ರಂದು ರೂಪಾಯಿಯನ್ನು ನೂರು ನಯೇ ಪೈಸೆಗಳಾಗಿ ವಿಂಗಡಿಸಿದಾಗ ಆಣೆಗಳನ್ನು ಅಂದೇ ನಿಲ್ಲಿಸಲಿಲ್ಲ. ಹಳೆಯ ನಾಣ್ಯ ಹೊಸ ನಾಣ್ಯಗಳು ಕೆಲವು ವರ್ಷ ಜೊತೆಯಲ್ಲಿಯೇ ನಡೆದವು. ನಾಲ್ಕಾಣೆಗೆ 25 ನಯೇ ಪೈಸೆ ಸರಿಯಾಗಿ ಕೂಡಿತು. ಒಂದಾಣೆಗೆ ಆರೂಕಾಲು ಬಂದುದರಿಂದ ಆರೆಂದು ಕೊಡಬೇಕಾಯಿತು. ಹಳೆಯ ಪಟ್ಟಿಯ ಪ್ರತಿಯೊಂದಕ್ಕೂ ಹೊಸ ಪಟ್ಟಿಯಲ್ಲಿ ಸರಿಜೋಡಿ ಇದ್ದೇ ಇರುವುದೆಂದು ನಂಬಬಾರದು. ಜನರ ನಾಲಗೆಯಲ್ಲಿ ನೆಲೆಯಾದ ಮೇಲೆ, 1964ರ ಜೂನ್ 1ರಿಂದ ‘ನಯೇ’ ಎಂಬ ಪದವನ್ನು ಕೈಬಿಟ್ಟರು.

ಹೆಸರು ತಿದ್ದುವುದು ನೋಡಲು ಬಹಳ ಸರಳ. ಪೋಸ್ಟ್‌ಗ್ರೆಸ್ಸಿನ 10ನೆಯ ಆವೃತ್ತಿಯಿಂದ, ಎಂದರೆ 2017ರಿಂದ, ಒಂದೇ ಆಜ್ಞೆಯಿಂದ ಪಟ್ಟಿಯ ಹೆಸರನ್ನು ಬದಲಿಸಬಹುದು. ಎಲ್ಲ ಸಾಲುಗಳಲ್ಲಿಯೂ ಹೊಸ ಹೆಸರು ಆ ಕ್ಷಣದಿಂದಲೇ ಕಾಣತೊಡಗುವುದು. ಆದರೆ ಬದಲಿಸಬಹುದೇ ಎಂಬುದು ಒಂದು ಪ್ರಶ್ನೆ, ಬದಲಿಸಬೇಕೇ ಎಂಬುದು ಇನ್ನೊಂದು. ‘ಒರಿಯಾ’ವನ್ನು ‘ಒಡಿಯಾ’ ಮಾಡಿದರೆ ಬಾಧಕವಿಲ್ಲ. ಭಾಷೆಯೂ ಅದೇ, ಹೆಸರಿನ ಬರೆವಣಿಗೆ ಮಾತ್ರ ತಿದ್ದಿತು. ‘ಮೈಸೂರು ರಾಜ್ಯ’ವನ್ನು ‘ಕರ್ನಾಟಕ’ ಮಾಡಿದರೆ? 1962ರಲ್ಲಿ ಅಥಣಿಯಲ್ಲಿ ಹುಟ್ಟಿ ಗಡಿಯೀಚೆಯ ಶಾಲೆಯಲ್ಲಿ ಕಲಿತವರ ಕೈಯಲ್ಲಿರುವ ಹಳೆಯ ದಾಖಲೆಯಲ್ಲಿ ಮೈಸೂರು ರಾಜ್ಯವೆಂದಿದೆ. ಕಾಗದದ ರಜಿಸ್ಟರಿನಲ್ಲಿಯೂ ಹಾಗೆಯೇ ಇದೆ. ಗಣಕದಿಂದ ಹೊರಬಂದ ಎರಡನೆಯ ಪ್ರತಿಯಲ್ಲಿ ಕರ್ನಾಟಕವೆಂದಿದ್ದರೆ ಎರಡು ಕಾಗದಗಳು ಒಂದನ್ನೊಂದು ಸುಳ್ಳು ಮಾಡುತ್ತವೆ. ಇನ್ನು ಚಂದಗಡದ ದಾಖಲೆಗಳಲ್ಲಿ ‘ಬೆಳಗಾವಿ ಜಿಲ್ಲೆ’ಯನ್ನು ‘ಕೊಲ್ಲಾಪುರ ಜಿಲ್ಲೆ’ ಎಂದು ಹೆಸರು ತಿದ್ದಿದರಂತೂ ಬೈಲಹೊಂಗಲ, ಗೋಕಾಕದವರೂ ಕೊಲ್ಲಾಪುರದವರಾಗಿಬಿಡುವರು.

ಶಾಲೆಯ ದಾಖಲೆಯನ್ನು ಮುಖ್ಯಾಧ್ಯಾಪಕರು ಕೂಡ ತಮ್ಮ ಇಚ್ಛೆಯಂತೆ ತಿದ್ದುವಂತಿಲ್ಲ. ಅದಕ್ಕೆ ಕಾರಣವುಂಟು. 2023ರಲ್ಲಿ ಕುಣಬಿ ನಮೂದುಗಳನ್ನು ಹುಡುಕಲು ಮಹಾರಾಷ್ಟ್ರ ಸರಕಾರವು ನಿವೃತ್ತ ನ್ಯಾಯಮೂರ್ತಿ ಸಂದೀಪ ಶಿಂದೆಯವರ ಸಮಿತಿಯನ್ನು ನೇಮಿಸಿದಾಗ, ತಲೆಮಾರುಗಳ ಹಿಂದೆ ಮೋಡಿ ಲಿಪಿಯಲ್ಲಿ ಬರೆದಿಟ್ಟ ರಜಿಸ್ಟರುಗಳನ್ನು ಕೂಡ ಹೊರತೆಗೆದು ಓದಿಸಬೇಕಾಯಿತು. ಅಂದಿನ ಕಾರಕೂನನು ಒಂದು ಕಾಲಮಿನಲ್ಲಿ ಬರೆದ ಒಂದು ಪದವು ಅವನ ಮರಿಮಕ್ಕಳ ಕಾಲದಲ್ಲಿ ಒಂದು ಕುಟುಂಬದ ಭವಿಷ್ಯವನ್ನು ನಿರ್ಣಯಿಸುವ ಸಾಕ್ಷಿಯಾಯಿತು. ಆ ಪದವನ್ನು ಯಾರೋ ನಡುವೆ ‘ಸುಧಾರಿಸಿ’ ಬರೆದಿದ್ದರೆ ಗತಿಯೇನಾಗುತ್ತಿತ್ತು?

ಹೀಗಿರುವುದರಿಂದ ನಾವು ಕಂಡುಕೊಂಡ ದಾರಿಯೆಂದರೆ ಹಳೆಯ ಹೆಸರನ್ನು ಉಳಿಸಿ ಹೊಸ ನಮೂದಿಗೆ ಮಾತ್ರ ಅದನ್ನು ಮುಚ್ಚುವುದು. ವಾಹನಗಳ ಸಂಖ್ಯಾಫಲಕಗಳಲ್ಲಿ ಇದೇ ಕ್ರಮವನ್ನು ಕಾಣಬಹುದು. ತೆಲಂಗಾಣವು 2024ರ ಮಾರ್ಚಿಯಲ್ಲಿ ತನ್ನ ಸಂಕೇತವನ್ನು ಟಿಎಸ್ ಎಂಬುದರಿಂದ ಟಿಜಿ ಎಂಬುದಕ್ಕೆ ಬದಲಿಸಿದಾಗ ಹೊಸ ವಾಹನಗಳಿಗೆ ಹೊಸ ಸಂಕೇತ ಬಂತು; ಹಳೆಯ ಫಲಕಗಳು ಇದ್ದಂತೆಯೇ ಉಳಿದವು. ಎನಮಿನಲ್ಲಿ ಈ ‘ಮುಚ್ಚಿದೆ’ ಎಂಬ ಗುರುತಿಗೆ ಸ್ಥಳವಿಲ್ಲ. ಅದಕ್ಕಾಗಿ ಪಟ್ಟಿಯನ್ನೇ ಒಂದು ಪ್ರತ್ಯೇಕ ಕೋಷ್ಟಕವಾಗಿ ಮಾಡಿ, ಅದರಲ್ಲಿ ಸಂಕೇತ, ಹೆಸರು, ಬಳಕೆ ಆರಂಭವಾದ ದಿನ, ಮುಗಿದ ದಿನ, ಈಗಿನ ಹೆಸರು ಎಂಬ ಕಾಲಮುಗಳನ್ನಿಟ್ಟು, ವಿದ್ಯಾರ್ಥಿಗಳ ಕೋಷ್ಟಕವು ಆ ಸಂಕೇತವನ್ನು ಮಾತ್ರ ಹಿಡಿದಿರುವಂತೆ ಬಂಧಿಸುವುದು ಉತ್ತಮ. ಆಗ ಹೊಸ ಭಾಷೆ ಸೇರಿಸುವುದೆಂದರೆ ಒಂದು ಸಾಲು ಬರೆಯುವುದಷ್ಟೇ, ಚೌಕಟ್ಟನ್ನು ಮುಟ್ಟಬೇಕಾಗಿಲ್ಲ. ಯಾವುದಾದರೂ ಮಗುವಿನ ಸಾಲು ಆಧರಿಸಿರುವ ಹೆಸರನ್ನು ಅಳಿಸಹೋದರೆ ಡೇಟಾಬೇಸೇ ತಡೆಯುತ್ತದೆ. ಸಂಕೇತವನ್ನು ಒಮ್ಮೆ ಕೊಟ್ಟ ಮೇಲೆ ಮತ್ತೊಂದು ಹೆಸರಿಗೆ ಎಂದಿಗೂ ಕೊಡಕೂಡದು. ನಮ್ಮ ಗುಜರಾತಿಯ ಕಥೆಯ ಸಾರವೆಲ್ಲ ಇಷ್ಟೇ. ಎನಮ್ ಬಳಸಲೇಬಾರದೆಂದು ನಾವು ಹೇಳುವುದಿಲ್ಲ. ವಾರದ ಏಳು ದಿನಗಳಿಗೆ, ಎಂಟು ರಕ್ತಗುಂಪುಗಳಿಗೆ ಅದು ಒಪ್ಪುತ್ತದೆ. ಸರಕಾರದ ಸುತ್ತೋಲೆಯಿಂದ ಬದಲಾಗಬಲ್ಲ ಯಾವ ಪಟ್ಟಿಗೂ ಒಪ್ಪುವುದಿಲ್ಲವೆಂಬುದು ನಮ್ಮ ಅಭಿಪ್ರಾಯ.

ಮಾತೃಭಾಷೆಯ ಕಾಲಮನ್ನು ಕಾಗದದ ರಜಿಸ್ಟರಿನೊಡನೆ ತಾಳೆ ನೋಡುವ ಕೆಲಸವನ್ನು ನಮ್ಮ ಶಿಕ್ಷಕ ಬಂಧುಗಳು ಬೇಸಗೆಯ ರಜೆಯಲ್ಲಿ ಕುಳಿತು ಬಹುಮಟ್ಟಿಗೆ ಮುಗಿಸಿದ್ದಾರೆ. ನೀರು ಬಿದ್ದು ಮಸಿ ಹರಡಿದ ಕೆಲವು ಪುಟಗಳು ಮಾತ್ರ ಓದಲು ಬಂದಿಲ್ಲ. ಆ ಸಾಲುಗಳಲ್ಲಿ ಊಹೆ ಮಾಡದೆ ‘ಪರಿಶೀಲಿಸಬೇಕು’ ಎಂದು ಬರೆದಿದ್ದೇವೆ. ಆ ಎರಡು ವರ್ಷಗಳಲ್ಲಿ ಶಾಲೆ ಬಿಟ್ಟ ದಾಖಲೆ ಪಡೆದ ಹಳೆಯ ವಿದ್ಯಾರ್ಥಿಗಳು ತಮ್ಮ ಪ್ರತಿಯಲ್ಲಿ ಮಾತೃಭಾಷೆಯ ಕಾಲಮನ್ನೊಮ್ಮೆ ನೋಡಿಕೊಂಡು, ವ್ಯತ್ಯಾಸ ಕಂಡರೆ ಮೂಲಪ್ರತಿಯೊಡನೆ ಕಚೇರಿಗೆ ಬರಬೇಕಾಗಿ ವಿನಂತಿ. ಶನಿವಾರ ಮುಂಜಾನೆ ರಜಿಸ್ಟರುಗಳನ್ನು ತೆರೆದಿಟ್ಟಿರುತ್ತೇವೆ.